ಕುಣಿತಕ್ಕೊಂದು ಊರು ಕಟ್ಟಿದ ಜೊತೆಗಾತಿಯರು

'ಕಂಪನಿ' ಎಂದರೆ ನಮ್ಮ ಹಂಸಭಾವಿ, ಹಿರೇಕೆರೂರು ಕಡೆಯ ಹೆಂಗಸರಿಗೆ ಮೊದಲು ನೆನಪಾಗುವುದು ಕಾರ್ಖಾನೆಯಲ್ಲ, ಜಾತ್ರೆಗೆ ಬರುವ ನಾಟಕದ ಕಂಪನಿ. ಹೌದಲ್ರೀ? ತಗಡಿನ ಥೇಟರು, ಮುಂದೊಂದು ಬಣ್ಣದ ಬೋರ್ಡು, ಬೋರ್ಡಿನ ಮೇಲೆ ಮಾಲೀಕರ ಹೆಸರು. ಆದರೆ ಕಂಪನಿ ನಡೆಯುವುದು ಆ ಒಂದು ಹೆಸರಿನಿಂದ ಅಲ್ಲ ಎಂಬುದು ಹಿಂದಿನ ಬಿಡಾರ ನೋಡಿದವರಿಗೆ ಗೊತ್ತು. ಪೇಟಿ ನುಡಿಸುವವರು, ಪರದೆ ಎಳೆಯುವವರು, ಅಷ್ಟು ಮಂದಿಗೆ ರೊಟ್ಟಿ ಬಡಿಯುವವರು, ಇಂದಿನ ರಾಣಿಯ ಸೀರೆಯನ್ನು ನಾಳೆಯ ಸಖಿಗೆ ಹೊಂದಿಸಿ ಕೊಡುವವರು, ಇವರೆಲ್ಲ ಸೇರಿದರೇನೇ ಕಂಪನಿ.

ನಮ್ಮ ಹಾನಗಲ್ಲ ತಾಲೂಕಿನವರೇ ಆದ ಇಬ್ಬರು ಗವಾಯಿಗಳನ್ನು ನೆನೆಯಿರಿ. ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ, ಬಂದ ಹಣದಲ್ಲಿ ಗದುಗಿನ ಆಶ್ರಮದ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರು. ಗುರುಗಳು 1944ರಲ್ಲಿ ತೀರಿಕೊಂಡರು. ಶಿಷ್ಯರು ಅದನ್ನು 2010ರವರೆಗೆ, ಅಂದರೆ 66 ವರ್ಷ ಹೊತ್ತು ನಡೆದರು. ಕಟ್ಟುವುದು ಒಂದು ಬಗೆಯ ಕಷ್ಟ. ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಬೇರೆಯದೇ ಕಷ್ಟ.

ಈ ಸಲ ನಿಮಗೆ ಪರಿಚಯ ಮಾಡಿಕೊಡಬೇಕೆಂದಿರುವುದೂ ಒಂದು ಕಂಪನಿಯನ್ನೇ. ನಾಟಕದ್ದಲ್ಲ, ನೃತ್ಯದ್ದು. ಬೆಂಗಳೂರಿನ ಹೊರಗೆ ಹೆಸರಘಟ್ಟದ ಹತ್ತಿರ ಇರುವ ನೃತ್ಯಗ್ರಾಮ. ಅದನ್ನು ಶುರುಮಾಡಿದಾಕೆ ಹೆಂಗಸು. ಆಕೆ ಇಲ್ಲವಾದ ಮೇಲೆ ಕೈಬಿಡದೆ ನಡೆಸಿದವರೂ ಹೆಂಗಸರೇ.

"ನಮಗ್ಯಾಕ್ರೀ ಬೆಂಗಳೂರಿನ ಕುಣಿತದ ಸುದ್ದಿ?" ಎಂದು ಪುಟ ಮಗುಚಬೇಡಿ. ಮಗಳು ಶಾಲೆಯ ಗ್ಯಾದರಿಂಗಿನಲ್ಲಿ ಕುಣಿಯುತ್ತಾಳೆಂದರೆ ನಾವೇ ಸೀರೆ ಉಡಿಸಿ, ಮಲ್ಲಿಗೆ ದಂಡೆ ಮುಡಿಸಿ, ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇವೆ. ಏಳನೆಯ ಇಯತ್ತೆವರೆಗೆ ಈ ಸಂಭ್ರಮ. ಆಮೇಲೆ ಒಂದು ದಿನ ನಾವೇ ಅನ್ನುತ್ತೇವೆ, "ಸಾಕಿನ್ನ ಕುಣಿಯೋದು ತಂಗೀ, ಮುಂದ ಎಸ್ಸೆಸ್ಸೆಲ್ಸಿ ಐತಿ." ಗೆಜ್ಜೆ ಟ್ರಂಕಿನ ತಳ ಸೇರುತ್ತದೆ. ಅವಳ ಕಾಲಿನಲ್ಲಿ ಕುಣಿತ ಇರಲಿಲ್ಲ ಅಂತಲ್ಲ. ಮುಂದೆ ಅವಳು ಯಾರ ಜೊತೆ ಕುಣಿಯಬೇಕು, ಎಲ್ಲಿ ಇರಬೇಕು, ಅದರಿಂದ ಹೊಟ್ಟೆ ತುಂಬುತ್ತದೆಯೇ? ಇದಕ್ಕೆ ನಮ್ಮ ಬಳಿ ಉತ್ತರ ಇರುವುದಿಲ್ಲ. ಪಕ್ಕದ ಬಳ್ಳಿಗಾವೆಯೇ ನಾಟ್ಯರಾಣಿ ಶಾಂತಲೆಯ ತವರೂರೆಂದು ಹಿರಿಯರು ಹೇಳುತ್ತಾರೆ, ಕೇಳಿ ಹೆಮ್ಮೆಪಡುತ್ತೇವೆ. ಆದರೆ ಮನೆಯ ಶಾಂತಲೆಗೆ ಉತ್ತರ ಕೊಡಲಾರೆವು. ಹೆಸರಘಟ್ಟದ ಹೆಂಗಸರು ಒಂದು ಉತ್ತರ ಹುಡುಕಿದರು, ಅದಕ್ಕೇ ಈ ಲೇಖನ.

ಇಪ್ಪತ್ತಾರಕ್ಕೆ ಶುರುವಾದ ಪಾಠ

ಪ್ರೊತಿಮಾ ಬೇಡಿ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು, ಬಹುಶಃ ಒಳ್ಳೆಯ ಮಾತಿನ ಜೊತೆಗಲ್ಲ. 1948ರಲ್ಲಿ ಹುಟ್ಟಿದ ಆಕೆ ಮುಂಬಯಿಯಲ್ಲಿ ಜಾಹೀರಾತಿನ ರೂಪದರ್ಶಿಯಾಗಿದ್ದವರು, ಸಿನಿಮಾ ನಟ ಕಬೀರ್ ಬೇಡಿಯವರನ್ನು ಮದುವೆಯಾಗಿದ್ದವರು. ಆಗಿನ ಇಂಗ್ಲಿಷ್ ಪತ್ರಿಕೆಗಳಿಗೆ ಆಕೆಯ ಉಡುಪು, ಮಾತು, ಸಂಸಾರ ಎಲ್ಲವೂ ಸುದ್ದಿ. ಆ ಕಥೆಗಳನ್ನೆಲ್ಲ ಆಕೆಯೇ ಮುಚ್ಚುಮರೆಯಿಲ್ಲದೆ ಬರೆದಿಟ್ಟು ಹೋಗಿದ್ದಾರೆ, ಬೇಕಾದವರು ಓದಿಕೊಳ್ಳಲಿ. ನಮಗೆ ಬೇಕಾದದ್ದು 1975ರ ಆಗಸ್ಟಿನ ಒಂದು ದಿನ. ಮುಂಬಯಿಯ ಭೂಲಾಭಾಯಿ ಸ್ಮಾರಕ ಸಂಸ್ಥೆಯ ಸಭಾಂಗಣದೊಳಗೆ ಆಕೆ ಆಕಸ್ಮಿಕವಾಗಿ ಹೋದರು. ವೇದಿಕೆಯ ಮೇಲೆ ಇಬ್ಬರು ಹುಡುಗಿಯರು ಒಡಿಸ್ಸಿ ನೃತ್ಯ ಮಾಡುತ್ತಿದ್ದರು. ಆಕೆಗೆ ಆಗ 26 ವರ್ಷ, ಎರಡು ಮಕ್ಕಳ ತಾಯಿ. ನೋಡಿದ್ದೇ ತಡ, ಕಲಿತರೆ ಇದನ್ನೇ ಕಲಿಯಬೇಕು ಎಂದು ಒಡಿಶಾದ ಕಟಕಿಗೆ, ಗುರು ಕೇಳುಚರಣ ಮಹಾಪಾತ್ರರ ಮನೆಗೆ ಹೊರಟರು.

ಏಳೆಂಟು ವರ್ಷಕ್ಕೆ ಶುರುಮಾಡಬೇಕಾದ ವಿದ್ಯೆಯನ್ನು ಇಪ್ಪತ್ತಾರಕ್ಕೆ ಶುರುಮಾಡುವುದೆಂದರೆ ಏನೆಂದು ಯೋಚಿಸಿ. ಬೆನ್ನು ಬಾಗದು, ಮಂಡಿ ತಗ್ಗದು. ದಿನಕ್ಕೆ 12 ತಾಸು, ಕೆಲವು ದಿನ ಅದಕ್ಕೂ ಹೆಚ್ಚು ಅಭ್ಯಾಸ ಮಾಡಿ ಆಕೆ ಮೈಯನ್ನು ಮಣಿಸಿದರು. ಊರವರ ಬಾಯಲ್ಲಿದ್ದ ಆಕೆಯ ಬಗ್ಗೆ ಬರೆಯುವಾಗ ಈ ದುಡಿಮೆಯನ್ನು ಬರೆದವರು ಕಡಿಮೆ.

ಒಡಿಸ್ಸಿಯ ಬಗ್ಗೆ ಸ್ವಲ್ಪ ಹೇಳಬೇಕು. ಪುರಿಯ ಜಗನ್ನಾಥನ ಗುಡಿಯಲ್ಲಿ ಸೇವೆ ಮಾಡುತ್ತಿದ್ದ ಮಾಹರಿಯರಿಂದಲೂ, ಹುಡುಗಿಯರ ವೇಷ ಹಾಕಿ ಕುಣಿಯುತ್ತಿದ್ದ ಗೋಟಿಪುವಾ ಹುಡುಗರಿಂದಲೂ ಬಂದ ಕುಣಿತ ಅದು. ನಮ್ಮ ದೊಡ್ಡಾಟದಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುತ್ತಿದ್ದರಲ್ಲ, ಹಾಗೇ ಅನ್ನಿ. ಕೇಳುಚರಣರೂ ಚಿಕ್ಕಂದಿನಲ್ಲಿ ಗೋಟಿಪುವಾ ಆಗಿದ್ದವರೇ. ಈಗ ನಾವು ನೋಡುವ ಒಡಿಸ್ಸಿಯ ಕ್ರಮ ಮಾತ್ರ ಅಷ್ಟು ಹಳೆಯದಲ್ಲ. ಸ್ವಾತಂತ್ರ್ಯ ಬಂದ ಮೇಲೆ ಗುರುಗಳು, ವಿದ್ವಾಂಸರು ಕೂತು ಮಾತಾಡಿ, 1958ರಲ್ಲಿ 'ಜಯಂತಿಕಾ' ಎಂಬ ಕೂಟ ಕಟ್ಟಿಕೊಂಡು, ಯಾವುದರ ನಂತರ ಯಾವುದು ಎಂದು ಗೊತ್ತುಮಾಡಿದರು. ಕೇಳುಚರಣರ ಹೆಂಡತಿ ಲಕ್ಷ್ಮೀಪ್ರಿಯಾ ಸ್ವತಃ ನರ್ತಕಿ. ಕಟಕಿನ ಅನ್ನಪೂರ್ಣಾ ಥಿಯೇಟರಿನಲ್ಲಿ ಆಕೆ ಕುಣಿಯುವಾಗ ವಾದ್ಯ ಬಾರಿಸುತ್ತಿದ್ದವರು ಕೇಳುಚರಣರು. ನೂರಾರು ವರ್ಷದ್ದು ಎಂದು ನಾವು ಕೈಮುಗಿಯುವ ನೃತ್ಯದ ಹಿಂದೆ ಇಂಥ ಜೋಡಿಗಳ ಕೆಲಸ ಎಷ್ಟಿರುತ್ತದೆ ನೋಡಿ.

ಹತ್ತು ಎಕರೆಯ ಕನಸು

ಕಲಿತು ಬಂದ ಪ್ರೊತಿಮಾ ಮುಂಬಯಿಯ ಪೃಥ್ವಿ ಥಿಯೇಟರಿನಲ್ಲಿ ಪಾಠ ಶುರುಮಾಡಿದರು. ವಾರಕ್ಕೆರಡು ದಿನ ಬಂದು, ಒಂದು ತಾಸು ಕಲಿತು, ಕಾರು ಹತ್ತಿ ಹೋಗುವ ಮಕ್ಕಳ ಪಾಠ ಆಕೆಗೆ ಸಾಲದಾಯಿತು. ಗುರುವಿನ ಮನೆಯಲ್ಲಿ ತಾನು ಕಲಿತಂತೆ ಶಿಷ್ಯರು ಜೊತೆಗೇ ಇದ್ದು ಕಲಿಯಬೇಕು, ಅದಕ್ಕೊಂದು ಊರೇ ಬೇಕು ಎಂಬ ಹಟ ಹಿಡಿದರು. ಕರ್ನಾಟಕ ಸರ್ಕಾರ ಹೆಸರಘಟ್ಟದ ಹತ್ತಿರ 10 ಎಕರೆ ಜಾಗ ಕೊಟ್ಟಿತು. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಕಟ್ಟಿದ ಕೆರೆಯ ಊರು ಅದು. ಸುತ್ತ ಹುಲ್ಲುಗಾವಲು, ಕೆಂಪು ಮಣ್ಣು. ಗೋವಾದ ವಾಸ್ತುಶಿಲ್ಪಿ ಜೆರಾರ್ಡ್ ಡಾ ಕುನ್ಹಾ ಅಲ್ಲಿಯ ಕಲ್ಲು, ಮಣ್ಣನ್ನೇ ಬಳಸಿ ಮನೆಗಳನ್ನು ಕಟ್ಟಿಕೊಟ್ಟರು. 1990ರ ಮೇ 11ರಂದು ಆಗಿನ ಪ್ರಧಾನಿ ವಿ.ಪಿ. ಸಿಂಗ್ ನೃತ್ಯಗ್ರಾಮವನ್ನು ಉದ್ಘಾಟಿಸಿದರು.

ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲ, ಜೊತೆಗೆ ಛಾವು, ಕಳರಿಪಯಟ್ಟು ಎಂಬುದು ಆಕೆಯ ಲೆಕ್ಕ. ಲೆಕ್ಕದಂತೆ ಎಲ್ಲವೂ ಆಗಲಿಲ್ಲ, ಕಡೆಗೆ ಗಟ್ಟಿಯಾಗಿ ಬೇರು ಬಿಟ್ಟದ್ದು ಒಡಿಸ್ಸಿ ಒಂದೇ. ಇರಲಿ. ಒಂದು ಮರ ಹಿಡಿದರೂ ಸಾಕು.

ಅಲ್ಲಿಯ ದಿನಚರಿ ನಿಮಗೆ ಹಿಡಿಸುತ್ತದೆ. ಬೆಳಕು ಹರಿಯುವ ಹೊತ್ತಿಗೆ ಎದ್ದು ಅಂಗಳ ಗುಡಿಸುವುದು, ಗಿಡಗಳಿಗೆ ನೀರು, ತರಕಾರಿ ಬೆಳೆಯುವುದು. ಆಮೇಲೆ ಓಟ, ಯೋಗ, ಮೈ ಹದಗೊಳಿಸುವ ವ್ಯಾಯಾಮ, ಅದಾದ ಮೇಲೆ ತಾಸುಗಟ್ಟಲೆ ನೃತ್ಯ. "ಕಸ ಗುಡಿಸುವುದನ್ನು ನಮಗೆ ಹೇಳಿಕೊಡಬೇಕೇ?" ಎಂದು ನೀವು ನಗಬಹುದು. ನಗಿರಿ, ಆದರೆ ಒಂದು ವ್ಯತ್ಯಾಸ ಗಮನಿಸಿ. ನಮ್ಮ ಮನೆಗಳಲ್ಲಿ ಕಸ ಗುಡಿಸಿ, ಪಾತ್ರೆ ತೊಳೆದು, ಎಲ್ಲ ಮುಗಿದ ಮೇಲೆ ಹೊತ್ತು ಉಳಿದರೆ ಕಲೆ. ಅಲ್ಲಿ ಗುಡಿಸುವುದೂ ಕಲೆಯ ಅಭ್ಯಾಸದ ಲೆಕ್ಕಕ್ಕೇ ಸೇರಿತು, ಮತ್ತು ಎಲ್ಲರೂ ಗುಡಿಸುತ್ತಿದ್ದರು.

ಯೋಚಿಸುವವಳು, ಮೈಯಲ್ಲಿ ಹೊರುವವಳು

ಅಲ್ಲಿಗೆ ಮೊದಲ ವರ್ಷವೇ ಕಲಿಯಲು ಬಂದವರು ಸುರೂಪಾ ಸೇನ್. ನೃತ್ಯಗ್ರಾಮದಲ್ಲಿ ಕಲಿತು ಹೊರಬಂದ ಮೊದಲ ನರ್ತಕಿ ಆಕೆಯೇ. ಮೂರು ವರ್ಷದ ನಂತರ, 1993ರಲ್ಲಿ ಒಡಿಶಾದಿಂದ ಬಿಜಯಿನಿ ಶತಪಥಿ ಬಂದರು. ಮುಂದಿನ 25 ವರ್ಷ ಈ ಇಬ್ಬರ ಹೆಸರನ್ನು ಜನ ಬಿಡಿಸಿ ಹೇಳಲಿಲ್ಲ.

ನೃತ್ಯ ಸಂಯೋಜನೆ ಎಂದರೆ ಏನು ಎಂದು ಕೆಲವರಿಗೆ ಅನುಮಾನ ಇರಬಹುದು. ಹಾಡಿಗೆ ರಾಗ ಕೂಡಿಸುವವರು ಇರುವಂತೆ, ಕುಣಿತಕ್ಕೆ ಹೆಜ್ಜೆ, ಜಾಗ, ಹೊತ್ತು ಕೂಡಿಸುವವರು ಇರುತ್ತಾರೆ. ಯಾರು ಎಲ್ಲಿಂದ ಬರಬೇಕು, ಯಾವ ಬೋಲಿಗೆ ಯಾವ ಕಾಲು, ಎಲ್ಲಿ ಸುಮ್ಮನೆ ನಿಲ್ಲಬೇಕು ಎಂದೆಲ್ಲ ಅವರು ಗೊತ್ತುಮಾಡುತ್ತಾರೆ. ನೃತ್ಯಗ್ರಾಮದಲ್ಲಿ ಆ ಕೆಲಸ ಸುರೂಪಾ ಅವರದು. ಆದರೆ ತಲೆಯಲ್ಲಿ ಹೊಳೆದದ್ದು ಮೈಯಲ್ಲಿ ಆಗಬೇಕಲ್ಲ? ಅದಕ್ಕೆ ಬೇಕಾಗಿದ್ದವರು ಬಿಜಯಿನಿ.

ಒಡಿಸ್ಸಿಯಲ್ಲಿ ಎರಡು ನಿಲುವು ಮುಖ್ಯ. ಮಂಡಿ ಬಗ್ಗಿಸಿ, ಭಾರವನ್ನು ಎರಡೂ ಕಾಲಿಗೆ ಸಮನಾಗಿ ಹಂಚಿ, ಜಗನ್ನಾಥನಂತೆ ಚಚ್ಚೌಕವಾಗಿ ನಿಲ್ಲುವುದು ಚೌಕ. ಕೊರಳು, ನಡು, ಮಂಡಿ ಮೂರು ಕಡೆ ಬಾಗಿ, ಬೇಲೂರಿನ ಮದನಿಕೆಯಂತೆ ನಿಲ್ಲುವುದು ತ್ರಿಭಂಗಿ. ನೋಡಲು ಚೆಂದ, ಮಾಡಲು ಮಂಡಿ ಸೊಂಟಗಳಿಗೆ ಕಠಿಣ. ಯಾವ ಸ್ನಾಯು ಹೇಗೆ ಬಲಪಡಿಸಿದರೆ ನೋವಾಗದೆ ಹೆಚ್ಚು ತಗ್ಗಬಹುದು ಎಂದು ಬಿಜಯಿನಿ ವರ್ಷಗಟ್ಟಲೆ ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿದರು. ಯೋಗದಿಂದ, ಕಳರಿಯಿಂದ ಬೇಕಾದ್ದನ್ನು ತೆಗೆದುಕೊಂಡು ಒಂದು ಪಾಠಕ್ರಮವನ್ನೇ ಬೆಳೆಸಿ, ಗುರುಕುಲದ ಮಕ್ಕಳಿಗೆ ಹೇಳಿಕೊಟ್ಟರು.

ಇದರಿಂದ ಆದದ್ದೇನು? ಒಡಿಸ್ಸಿ ಬಹುಮಟ್ಟಿಗೆ ಒಬ್ಬರೇ ನಿಂತು ಮಾಡುವ ನೃತ್ಯ. ಸುರೂಪಾ ಅದನ್ನು ಇಬ್ಬರಿಗೆ, ನಾಲ್ವರಿಗೆ, ಆರು ಮಂದಿಗೆ ಬಿಡಿಸಿದರು. 'ವಿಭಕ್ತ' ಎಂಬ ಕೃತಿಯಲ್ಲಿ ಇಬ್ಬರು ಹೆಂಗಸರು ಅರ್ಧನಾರೀಶ್ವರನಾಗುತ್ತಾರೆ. ಒಬ್ಬಾಕೆ ಶಿವನಲ್ಲ, ಇನ್ನೊಬ್ಬಾಕೆ ಪಾರ್ವತಿಯಲ್ಲ. ಇಬ್ಬರೂ ಸೇರಿ ಒಂದು ಮೈ. ಹಳೆಯ ಮಾತಿನಲ್ಲೇ ಹೊಸ ವಾಕ್ಯ ಕಟ್ಟಿದಂತೆ. ಇದು ಸಂಪ್ರದಾಯವೋ ಹೊಸದೋ ಎಂದು ಪಂಡಿತರು ಜಗಳಾಡಲಿ. ನನ್ನ ಲೆಕ್ಕದಲ್ಲಿ ಅಜ್ಜಿಯ ಹೋಳಿಗೆಗೆ ಅಜ್ಜಿ ಹಾಕದ ಹೂರಣ ಹಾಕಿದರೂ ಹಿಟ್ಟಿನ ಹದ ಅಜ್ಜಿಯದೇ ಇದ್ದರೆ ಅದು ಹೋಳಿಗೆಯೇ!

ಈ ಹೊಸ ಕೃತಿಗಳಿಗೆ ಸಂಗೀತ ಕೂಡಿಸಿದವರು ಪಂಡಿತ ರಘುನಾಥ ಪಾಣಿಗ್ರಾಹಿ. ಇವರ ಕಥೆ ಹೇಳದಿದ್ದರೆ ನಿಮಗೆ ನಷ್ಟ. ಯೌವನದಲ್ಲಿ ಮದರಾಸಿನ ಸಿನಿಮಾಗಳಿಗೆ ಹಾಡುತ್ತಿದ್ದ ಒಳ್ಳೆಯ ಕಂಠ. ಮದುವೆಯಾದದ್ದು ಒಡಿಸ್ಸಿ ನರ್ತಕಿ ಸಂಯುಕ್ತಾ ಅವರನ್ನು. ಹೆಂಡತಿ ಕುಣಿಯಬೇಕೆಂದರೆ ಜೊತೆಗೆ ಹಾಡುವವರು ಬೇಕು ಎಂದು ಸಿನಿಮಾದ ದಾರಿ ಬಿಟ್ಟು ಬಂದು, ಆಕೆಯ ಪಕ್ಕದಲ್ಲಿ ಕೂತು ಬದುಕಿಡೀ ಹಾಡಿದರು. ಹೆಂಡತಿಯ ಕೆಲಸಕ್ಕಾಗಿ ಗಂಡ ತನ್ನ ಕೆಲಸ ಬಿಟ್ಟ ಉದಾಹರಣೆ ನಿಮಗೆಷ್ಟು ಗೊತ್ತು? ಬೆರಳು ಮಡಿಚಿ ಎಣಿಸಿ. 1997ರಲ್ಲಿ ಸಂಯುಕ್ತಾ ತೀರಿಕೊಂಡರು. ಸುರೂಪಾ ಆಕೆಯ ಬಳಿಯೂ ಕಲಿತಿದ್ದವರು. ಆಕೆಗಾಗಿ ಮೀಸಲಿದ್ದ ಕಂಠ ಮುಂದೆ ಆಕೆಯ ಶಿಷ್ಯೆಯ ಕೃತಿಗಳಿಗೆ ದನಿಯಾಯಿತು. 2013ರಲ್ಲಿ ರಘುನಾಥರೂ ಹೋದರು.

ಇನ್ನೊಬ್ಬರು ವೇದಿಕೆಯ ಮೇಲೆ ಕಾಣುವುದೇ ಇಲ್ಲ. ಲಿನ್ ಫರ್ನಾಂಡಿಸ್. ರಂಗಭೂಮಿಯಿಂದ ಬಂದ ಆಕೆ ನೃತ್ಯಗ್ರಾಮದ ಬೆಳಕಿನ ವಿನ್ಯಾಸ ಮಾಡುವವರು. ನಮ್ಮ ಕಡೆ ಗ್ಯಾದರಿಂಗಿನಲ್ಲಿ ಬಣ್ಣದ ಹಾಳೆ ತಿರುಗಿಸುವ ಬೆಳಕು ನೋಡಿದ್ದೇವಷ್ಟೆ. ಒಳ್ಳೆಯ ಬೆಳಕು ಹಾಗಲ್ಲ. ಬೆನ್ನಿನ ಒಂದು ಬಾಗು ಮಾತ್ರ ಕಾಣಬೇಕು, ಮುಖ ಆಮೇಲೆ ಬೆಳಗಬೇಕು ಎಂದರೆ ಬೆಳಕಿನವರಿಗೂ ನೃತ್ಯದ ಪ್ರತಿ ಹೆಜ್ಜೆ ಬಾಯಿಪಾಠ ಇರಬೇಕು. ಮುಂದೆ ಸಂಸ್ಥೆಯ ಆಡಳಿತವೂ ಆಕೆಯ ಹೆಗಲಿಗೆ ಬಂತು. ನೃತ್ಯದ ಸಂಸ್ಥೆಯಾದರೂ ಸಂಬಳ, ಪ್ರವಾಸ, ಸೋರುವ ಮಾಡು, ದಾನಿಗಳಿಗೆ ಕಾಗದ ಇವೆಲ್ಲ ಇದ್ದೇ ಇರುತ್ತವೆ. ಮನೆ ನಡೆಸುವ ನಿಮಗೆ ಇದರ ಬೆಲೆಯನ್ನು ಬೇರೆಯವರು ತಿಳಿಸಿ ಹೇಳಬೇಕಿಲ್ಲ.

ಅಂದಹಾಗೆ, ಉಡುಪಿನ ವಿಷಯ. ಒಡಿಸ್ಸಿಗೆ ಒಡಿಶಾದ ರೇಷ್ಮೆ ಸೀರೆ, ಕಟಕಿನ ಬೆಳ್ಳಿ ತಂತಿಯ ಆಭರಣ. ತಲೆಯ ಮೇಲೆ ಬಿಳಿ ಹೂವಿನ ಕಿರೀಟದಂತಿರುವ 'ತಾಹಿಯಾ' ನೋಡಿದರೆ ನಮಗೆ ತಟ್ಟನೆ ಮದುವೆಯ ಬಾಸಿಂಗ ನೆನಪಾಗುತ್ತದೆ. ಆಗಲೇಬೇಕು, ಅದೂ ಬೆಂಡಿನಿಂದಲೇ ಮಾಡಿದ್ದು.

ಹಸ್ತಾಂತರ

1990ರ ದಶಕದಲ್ಲಿ ನೃತ್ಯಗ್ರಾಮದ ಹೆಸರು ದೊಡ್ಡದಾಯಿತು. ವಸಂತಹಬ್ಬ ಎಂಬ ರಾತ್ರಿಯಿಡೀ ನಡೆಯುವ ಸಂಗೀತ-ನೃತ್ಯದ ಹಬ್ಬಕ್ಕೆ ಹತ್ತಾರು ಸಾವಿರ ಜನ ಬಂದು ಬಯಲಿನಲ್ಲಿ ಕೂತು ಬೆಳಗು ಮಾಡುತ್ತಿದ್ದರು. 2004ರ ನಂತರ ಅದು ನಿಂತುಹೋಯಿತು. ದೇಶದ ಹೊರಗೂ ಪ್ರದರ್ಶನಗಳಾದವು.

ಹೀಗೆ ಎಲ್ಲ ಕೈಗೂಡುತ್ತಿರುವಾಗ 1997ರಲ್ಲಿ ಪ್ರೊತಿಮಾ ತಮ್ಮ ಮಗನನ್ನು ಕಳೆದುಕೊಂಡರು. ಆ ದುಃಖದ ವಿವರಕ್ಕೆ ಹೋಗುವುದು ಬೇಡ. ಆಕೆ ತಲೆ ಬೋಳಿಸಿಕೊಂಡರು, ಗೌರಿ ಎಂಬ ಹೆಸರಿನಲ್ಲಿ ಉಳಿದರು, ಮನಸ್ಸು ಹಿಮಾಲಯದ ಕಡೆ ತಿರುಗಿತು. ಕಟ್ಟಿದ ಊರನ್ನು ಕಿರಿಯರ ಕೈಗೆ ಬಿಟ್ಟು 1998ರಲ್ಲಿ ಹೊರಟುಬಿಟ್ಟರು. ಅದೇ ವರ್ಷ ಆಗಸ್ಟ್ 18ರಂದು, ಕೈಲಾಸ ಮಾನಸಸರೋವರದ ದಾರಿಯಲ್ಲಿ, ಮಾಲ್ಪಾ ಎಂಬಲ್ಲಿ ರಾತ್ರಿ ಗುಡ್ಡ ಕುಸಿಯಿತು. ಯಾತ್ರಿಕರು, ಊರವರು ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ಪ್ರೊತಿಮಾ ಅವರಲ್ಲೊಬ್ಬರು. ಐವತ್ತು ತುಂಬಿರಲಿಲ್ಲ.

ಸಂಸ್ಥೆಗಳು ಸಾಯುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಹೆಸರಿದ್ದವರು ಹೋದರು, ಹೆಸರು ನೋಡಿ ಹಣ ಕೊಡುವವರು ಹಿಂದೆ ಸರಿಯುತ್ತಾರೆ, ಒಳಗಿದ್ದವರು ಜಗಳಾಡಿ ಚದುರುತ್ತಾರೆ. ಮಠಗಳಲ್ಲಿ, ಸಹಕಾರ ಸಂಘಗಳಲ್ಲಿ, ಅಷ್ಟೇಕೆ, ಅವಿಭಕ್ತ ಕುಟುಂಬಗಳಲ್ಲಿ ನಾವು ನೋಡಿಲ್ಲವೇ? ಹೆಸರಘಟ್ಟದಲ್ಲಿ ಹಾಗಾಗಲಿಲ್ಲ. ಕಾರಣ ನನಗೆ ಕಾಣುವುದು ಇಷ್ಟು. ಪ್ರೊತಿಮಾ ಬೀಗದ ಕೈ ಕೊಟ್ಟದ್ದು ಸಾಯುವ ಮುಂಚೆ, ತಾವಾಗಿ. ಕೊಟ್ಟದ್ದೂ ಒಬ್ಬರಿಗಲ್ಲ. ಸೃಷ್ಟಿಯ ಹೊಣೆ ಸುರೂಪಾಗೆ, ಕಲಿಸುವ ಹೊಣೆ ಬಿಜಯಿನಿಗೆ, ನಡೆಸುವ ಹೊಣೆ ಲಿನ್‌ಗೆ ಎಂದು ಕೆಲಸ ತಾನಾಗಿ ಹಂಚಿಹೋಯಿತು. ಮೂವರೂ ಒಂದೇ ಅಂಗಳದಲ್ಲಿ ಇದ್ದು, ಒಂದೇ ಅಡಿಗೆ ಉಂಡವರು. ಅತ್ತೆ ತೀರಿಕೊಂಡ ಮನೆಯಲ್ಲಿ ಸೊಸೆಯಂದಿರು ಕೂಡಿ ಬಾಳಿದಂತೆ ಅನ್ನಬಹುದಿತ್ತು, ಆದರೆ ಅಂಥ ಮನೆ ಎಷ್ಟಿವೆ ಎಂದು ನೀವು ನನ್ನನ್ನೇ ಕೇಳೀರಿ!

ಊರ ಹುಡುಗಿ

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ನೃತ್ಯಗ್ರಾಮ ಶುರುವಾದ ದಿನಗಳಲ್ಲೇ ಸುತ್ತಲ ಹಳ್ಳಿಗಳ ಮಕ್ಕಳಿಗೆ ಪುಕ್ಕಟೆ ಪಾಠ ಇಟ್ಟಿದ್ದರು. ದೊಡ್ಡ ಊರಿನವರು ಬಂದು ಹಳ್ಳಿಯಲ್ಲಿ ಕಟ್ಟಡ ಎಬ್ಬಿಸಿ ಬೇಲಿ ಹಾಕಿಕೊಂಡರೆ ಹಳ್ಳಿಗೇನು ಬಂತು? ಬೇಲಿ ದಾಟಿ ಒಳಗೆ ಬಂದ ಆ ಮಕ್ಕಳಲ್ಲಿ 1990ರಲ್ಲೇ ಬಂದ ಒಬ್ಬ ಹುಡುಗಿ ಪವಿತ್ರಾ ರೆಡ್ಡಿ. ಆಗ ಚಿಕ್ಕವಳು. ಉಳಿದವರು ಕಲಿತಷ್ಟು ಕಲಿತು ಬಿಟ್ಟರೇನೋ, ಪವಿತ್ರಾ ಬಿಡಲಿಲ್ಲ. ಪ್ರೊತಿಮಾ, ಆಮೇಲೆ ಸುರೂಪಾ, ಬಿಜಯಿನಿ ಹೀಗೆ ಎಲ್ಲರ ಕೈಯಲ್ಲೂ ಪಳಗಿ ತಂಡದ ಮುಖ್ಯ ನರ್ತಕಿಯರಲ್ಲಿ ಒಬ್ಬರಾದರು, ತಂಡದ ಜೊತೆ ದೇಶವಿದೇಶ ಸುತ್ತಿದರು.

ಗ್ಯಾದರಿಂಗಿನ ನಂತರ ಗೆಜ್ಜೆ ಟ್ರಂಕಿನೊಳಗೆ ಹೋಗದ ಒಬ್ಬ ಹುಡುಗಿ ಎಂದರೆ ಹೀಗಿರುತ್ತಾಳೆ. ಅವಳ ಪ್ರತಿಭೆ ದೊಡ್ಡದು, ಒಪ್ಪೋಣ. ಆದರೆ ಓಣಿಯ ಕೊನೆಗೊಂದು ಬಾಗಿಲು ತೆರೆದಿತ್ತು, ಒಳಗೆ ದಿನವೂ ಜೊತೆಗೆ ಕುಣಿಯುವ ಅಕ್ಕಂದಿರಿದ್ದರು ಎಂಬುದೂ ಅಷ್ಟೇ ದೊಡ್ಡದು.

ಸಿಂಹಳದ ಬಂಧುಗಳು

ಮನೆಯೊಳಗಿನ ಜೊತೆ ಗಟ್ಟಿಯಾದ ಮೇಲೆ ಸುರೂಪಾ ಹೊರಗಿನ ಜೊತೆ ಹುಡುಕಿದರು. ಸಿಕ್ಕಿದ್ದು ಶ್ರೀಲಂಕಾದ ಚಿತ್ರಸೇನ ನೃತ್ಯ ಕಂಪನಿ. ಅದೂ ಒಂದು ಮನೆತನದ ಕಥೆಯೇ. ಕ್ಯಾಂಡಿ ಪ್ರದೇಶದ ಕುಣಿತ ಮೊದಲು ಊರದೇವರ ಆಚರಣೆಯಲ್ಲಿ ಗಂಡಸರು ಮಾತ್ರ ಮಾಡುತ್ತಿದ್ದುದು. ಚಿತ್ರಸೇನ ಎಂಬ ಕಲಾವಿದರು ಅದನ್ನು ವೇದಿಕೆಗೆ ತಂದರು. ಅವರ ಹೆಂಡತಿ ವಜಿರಾ ಅದರಲ್ಲಿ ಹೆಂಗಸರಿಗೊಂದು ದಾರಿ ಮಾಡಿದರು. ಆ ಕುಣಿತವನ್ನೇ ವೃತ್ತಿಯಾಗಿ ಹಿಡಿದ ಮೊದಲ ಹೆಣ್ಣು ಆಕೆ ಎನ್ನುತ್ತಾರೆ. 2020ರಲ್ಲಿ ನಮ್ಮ ಸರ್ಕಾರ ವಜಿರಾ ಅವರಿಗೆ ಪದ್ಮಶ್ರೀ ಕೊಟ್ಟಿತು. ಈಗ ಕಂಪನಿಯ ಹೊಣೆ ಹೊತ್ತವರು ಮೊಮ್ಮಕ್ಕಳ ಕಾಲದವರು. ಮೊಮ್ಮಗಳು ಹೇಷ್ಮಾ ಕಲಾ ನಿರ್ದೇಶಕಿ, ಇನ್ನೊಬ್ಬ ಮೊಮ್ಮಗಳು ತಾಜಿ ಮುಖ್ಯ ನರ್ತಕಿ.

2012ರಲ್ಲಿ ಎರಡೂ ತಂಡ ಸೇರಿ 'ಸಂಹಾರ' ಎಂಬ ಕೃತಿ ಮಾಡಿದವು. ಒಡಿಸ್ಸಿ ಬಳುಕುವ ನೃತ್ಯ, ಕ್ಯಾಂಡಿಯದು ಜಿಗಿಯುವ ನೃತ್ಯ. ಒಂದಕ್ಕೆ ಮರ್ದಲ, ಇನ್ನೊಂದಕ್ಕೆ ಗೆಟ ಬೆರ ಎಂಬ ಡೋಲು. ಬೀಗರು ಬಂದಾಗ ಎರಡು ಮನೆಯ ಅಡಿಗೆ ಒಂದೇ ಎಲೆಗೆ ಬೀಳುವಂತೆ ಎರಡನ್ನೂ ಕಲಸದೆ, ಪಕ್ಕಪಕ್ಕಕ್ಕೆ ಬಡಿಸಿದರು. ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ನಕಲು ಮಾಡಲಿಲ್ಲ, ಅದು ನನಗೆ ಸರಿ ಅನ್ನಿಸಿತು. 2019ರಲ್ಲಿ 'ಆಹುತಿ' ಎಂಬ ಇನ್ನೊಂದು ಕೃತಿಯಲ್ಲೂ ಈ ಎರಡು ತಂಡಗಳು ಕೂಡಿದವು.

ಆದರೆ ಅಷ್ಟರೊಳಗೆ ಮನೆಯೊಳಗೊಂದು ಬದಲಾವಣೆ ಆಗಿತ್ತು. 2018ರಲ್ಲಿ, 25 ವರ್ಷದ ನಂತರ, ಬಿಜಯಿನಿ ನೃತ್ಯಗ್ರಾಮ ಬಿಟ್ಟು ತಮ್ಮದೇ ದಾರಿ ಹಿಡಿದರು. ಅಷ್ಟು ಕಾಲ ಬೇರೊಬ್ಬರ ಸಂಯೋಜನೆಗೆ ಮೈಕೊಟ್ಟ ಆಕೆ ಈಗ ಸ್ವತಃ ಸಂಯೋಜನೆ ಮಾಡತೊಡಗಿದರು. ನ್ಯೂಯಾರ್ಕಿನ ದೊಡ್ಡ ವಸ್ತುಸಂಗ್ರಹಾಲಯವಾದ ಮೆಟ್ರೊಪಾಲಿಟನ್ ಮ್ಯೂಸಿಯಂ ಆಕೆಯನ್ನು ಅತಿಥಿ ಕಲಾವಿದೆಯಾಗಿ ಕರೆಸಿಕೊಂಡಿತು. ಸುರೂಪಾ ಪವಿತ್ರಾ ಅವರ ಜೊತೆ, ಕಿರಿಯರ ಜೊತೆ ಮುಂದುವರಿದರು. ಜೋಡಿ ಒಡೆಯಿತಲ್ಲ ಎಂದು ಮರುಗಿದ ರಸಿಕರು ಬಹಳ. ನನಗೇನೋ ಅದರಲ್ಲಿ ಸೋಲು ಕಾಣಲಿಲ್ಲ. ಇಪ್ಪತ್ತೈದು ವರ್ಷ ಜೊತೆಗಿದ್ದವರು ಬೇರೆಯಾದರೆ ಇಪ್ಪತ್ತೈದು ವರ್ಷ ಸುಳ್ಳಾಗುವುದಿಲ್ಲವಲ್ಲ?

ಮಲ್ಲೇಶ್ವರದ ತಾಯಿ, ಮಗಳು

ಬೆಂಗಳೂರಿನ ನೃತ್ಯದ ಕಂಪನಿಗಳ ಮಾತು ಬಂದಾಗ ಇನ್ನೊಂದು ಜೋಡಿಯನ್ನು ಬಿಡುವಂತಿಲ್ಲ. ಇವರು ತಾಯಿ ಮಗಳು. ತಾಯಿ ಮಾಯಾ ರಾವ್, 1928ರಲ್ಲಿ ಮಲ್ಲೇಶ್ವರದಲ್ಲಿ ಹುಟ್ಟಿದವರು. ಮರ್ಯಾದಸ್ಥರ ಮನೆಯ ಹುಡುಗಿಯರು ಕುಣಿಯಬಾರದು ಎನ್ನುತ್ತಿದ್ದ ಕಾಲ. ಉದಯಶಂಕರರ ನೃತ್ಯ ನೋಡಿ ಮನಸೋತ ತಂದೆ ಹೆಣ್ಣುಮಕ್ಕಳನ್ನು ಕಥಕ್ ಕಲಿಯಲು ಕಳಿಸಿದರು. ತಂದೆ ತೀರಿಕೊಂಡ ಮೇಲೆ ಹದಿಹರೆಯದಲ್ಲೇ ಪಾಠ ಹೇಳಿ ಮನೆಗೆ ಆಸರೆಯಾದ ಹುಡುಗಿ ಮುಂದೆ ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು, 1960ರಲ್ಲಿ ವಿದ್ಯಾರ್ಥಿವೇತನ ಪಡೆದು ರಷ್ಯಕ್ಕೆ ಹೋಗಿ ನೃತ್ಯ ಸಂಯೋಜನೆಯನ್ನೇ ಓದಿ ಬಂದರು.

ಬಂದ ಮೇಲೆ ಆಕೆಗೆ ಒದಗಿದ ಜೊತೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರದು. ಕರಕುಶಲ ಕೆಲಸಗಳಿಗಾಗಿ ದೇಶ ಸುತ್ತಿದ ಅದೇ ಕಮಲಾದೇವಿ. ಅವರ ಬೆಂಬಲದಲ್ಲಿ 1964ರಲ್ಲಿ ದೆಹಲಿಯಲ್ಲಿ ನೃತ್ಯ ಸಂಯೋಜನೆ ಕಲಿಸುವ ಸಂಸ್ಥೆ ಶುರುವಾಯಿತು. ನಮ್ಮ ಪಕ್ಕದ ಉತ್ತರ ಕನ್ನಡದ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರೂ ಮಾಯಾ ರಾವ್ ಅವರಲ್ಲಿ ಕಲಿತವರೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1987ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕರೆಯ ಮೇಲೆ ಸಂಸ್ಥೆ ಬೆಂಗಳೂರಿಗೆ ಬಂತು.

ಮಗಳು ಮಧು ನಟರಾಜ್ ತಾಯಿಯ ಬಳಿಯೂ ಚಿಕ್ಕಮ್ಮ ಚಿತ್ರಾ ವೇಣುಗೋಪಾಲರ ಬಳಿಯೂ ಕಥಕ್ ಕಲಿತು, ನ್ಯೂಯಾರ್ಕಿನಲ್ಲಿ ಅಲ್ಲಿಯ ಹೊಸ ನೃತ್ಯ ಕಲಿತು, 1995ರಲ್ಲಿ 'ಸ್ಟೆಮ್ ಡಾನ್ಸ್ ಕಂಪ್ನಿ' ಕಟ್ಟಿದರು. ಹೆಸರಿನಲ್ಲಿ ಕಂಪ್ನಿ ಎಂದೇ ಇದೆ, ನಮ್ಮ ನಾಟಕದವರು ಅನ್ನುವ ಹಾಗೆ! ಕಥಕ್, ಯೋಗ, ಯುದ್ಧಕಲೆ, ಜಾನಪದ ಎಲ್ಲ ಸೇರಿದ ಸಮಕಾಲೀನ ನೃತ್ಯ ಅವರದು. ಕಥಕ್ಕಿಗೆ ಬದುಕು ಕೊಟ್ಟ ತಾಯಿ, ಅದರ ಗೆರೆ ದಾಟಿದ ಮಗಳು. ಆದರೂ 2014ರಲ್ಲಿ ಮಾಯಾ ರಾವ್ ತೀರಿಕೊಳ್ಳುವವರೆಗೂ ಶಾಲೆ, ಕಂಪ್ನಿ ಎರಡೂ ಜೊತೆಜೊತೆಗೇ ನಡೆದವು. ಮಗಳು ತನ್ನಂತೆಯೇ ಹೋಳಿಗೆ ಮಾಡಬೇಕೆಂದು ಹಟ ಹಿಡಿಯದ ತಾಯಂದಿರು ಅಪರೂಪ, ಮಾಯಾ ರಾವ್ ಅಂಥವರೆಂದು ನನ್ನ ಎಣಿಕೆ.

ಮನೆಯಲ್ಲಿ ಕುಣಿಯುವ ಮಗಳಿದ್ದರೆ

ಕಡೆಯದಾಗಿ, ಕಲಿಯುವ ಮಗಳಿರುವವರಿಗೆ ಒಂದೆರಡು ಮಾತು. ಸಿಮೆಂಟು, ಗ್ರಾನೈಟಿನ ನೆಲದ ಮೇಲೆ ಬರಿಗಾಲಿನಲ್ಲಿ ತಾಸುಗಟ್ಟಲೆ ಕುಣಿದರೆ ಮಂಡಿ, ಹಿಮ್ಮಡಿಗೆ ಪೆಟ್ಟು. ಮಣ್ಣಿನ ನೆಲವೋ ಹಲಗೆಯ ನೆಲವೋ ಸಿಕ್ಕರೆ ಉತ್ತಮ, ಇಲ್ಲವಾದರೆ ದಪ್ಪ ಜಮಖಾನೆಯಾದರೂ ಇರಲಿ. ಮೈ ಬಿಸಿಮಾಡಿಕೊಳ್ಳದೆ ಜಿಗಿಯಬಾರದು. ಊಟವಾದ ಕೂಡಲೇ ಅಭ್ಯಾಸ ಬೇಡ. ತಿಂಗಳ ದಿನಗಳಲ್ಲಿ ಬೇಡವೆಂದು ನಿಯಮ ಮಾಡಬೇಡಿ, ಅವಳ ಮೈ ಏನನ್ನುತ್ತದೋ ಕೇಳಿ. ಮತ್ತು ಒಬ್ಬಳನ್ನೇ ಕಳಿಸುವ ಬದಲು ಓಣಿಯ ಇನ್ನೊಬ್ಬ ಹುಡುಗಿಯನ್ನೂ ಜೊತೆಗೆ ಕಳಿಸಿ. ಬೇಜಾರಾದ ದಿನ ಒಬ್ಬಳು ಇನ್ನೊಬ್ಬಳನ್ನು ಎಳೆದುಕೊಂಡು ಹೋಗುತ್ತಾಳೆ. ಎಂಟನೆಯ ಇಯತ್ತೆಗೆ ಪಾಠ ನಿಲ್ಲಿಸಲೇಬೇಕೆಂದಿದ್ದರೆ ವಾರಕ್ಕೊಂದು ದಿನವಾದರೂ ಉಳಿಸಿಕೊಡಿ.

ರಜೆಯಲ್ಲಿ ಬೆಂಗಳೂರಿಗೆ ಹೋಗುವುದಿದ್ದರೆ ಮಕ್ಕಳಿಗೆ ನೃತ್ಯಗ್ರಾಮ ತೋರಿಸಿ. ಹಾವೇರಿ, ರಾಣೆಬೆನ್ನೂರು ದಾಟಿ ಹೆದ್ದಾರಿಯಲ್ಲಿ ಹೋಗುವವರಿಗೆ ಬೆಂಗಳೂರು ಮುಟ್ಟುವ ಮುಂಚೆ, ನೆಲಮಂಗಲದಾಚೆ ಎಡಕ್ಕೆ ಹೆಸರಘಟ್ಟದ ದಾರಿ. ಎಲ್ಲ ದಿನ, ಎಲ್ಲ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಅಭ್ಯಾಸ ನಡೆಯುತ್ತಿದ್ದರೆ ಸದ್ದು ಮಾಡದೆ ಕೂತು ನೋಡಬೇಕು, ಚಿಕ್ಕ ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ಬುತ್ತಿ ಕಟ್ಟಿಕೊಂಡು ಹೋದರೆ ಅನುಕೂಲ.